ಮೇಕೆ ಮೆಟ್ರೋ ಹತ್ತಿದ ಪುಸ್ತಕದ ಮೊದಲ ಪುಟ

ವಿಜಯನಗರದಲ್ಲಿ ರೇವಣಸಿದ್ದಯ್ಯನವರ ಕೈಬರಹ ಓದದೆ ಊಟ ಮುಗಿಸಿದವರು ಯಾರೂ ಇಲ್ಲ. ಇದ್ದರೆ ಅವರು ಬಾಳೆಲೆಯಲ್ಲಿ ಉಂಡಿರಬೇಕು. ಮಾರ್ಕೆಟ್ಟಿನ ಮೂಲೆಯ ಸ್ಟೀಲ್ ಪಾತ್ರೆ ಅಂಗಡಿಯ ಬಾಗಿಲಲ್ಲಿ ಒಂದು ಮರದ ಸ್ಟೂಲು, ಸ್ಟೂಲಿನ ಮೇಲೆ ಅವರು, ಅವರ ಕೈಯಲ್ಲಿ ಹೆಸರು ಕೊರೆಯುವ ಪುಟ್ಟ ಕರೆಂಟ್ ಮಿಷನ್ನು. ನಲವತ್ತೊಂದು ವರ್ಷ ಈ ಮೂರೂ ಆ ಜಾಗದಿಂದ ಕದಲಲಿಲ್ಲ. ಮದುವೆಯ ಕೊಳಗ, ಗೃಹಪ್ರವೇಶದ ಲೋಟ, ನಾಮಕರಣದ ಬಟ್ಟಲು, ಯಾವುದೇ ಇರಲಿ, ಅವರ ತೊಡೆಯ ಮೇಲೆ ಒಂದು ನಿಮಿಷ ಕೂತು ಕರ್ರ್ ಅನ್ನಿಸಿಕೊಳ್ಳದೆ ಅಂಗಡಿಯ ಮೆಟ್ಟಿಲು ಇಳಿಯುತ್ತಿರಲಿಲ್ಲ. ಒಮ್ಮೆ ಮಿಷನ್ನು ಕೆಟ್ಟು ಮೂರು ದಿನ ರಿಪೇರಿಗೆ ಹೋದಾಗ ಗೋವಿಂದರಾಜನಗರದಲ್ಲಿ ಹದಿನೇಳು ಮದುವೆ ಮುಂದಕ್ಕೆ ಹೋದವು. ಒಂದು ಜೋಡಿಯಂತೂ ಕಾದು ಕಾದು ಸಾಕಾಗಿ, ಮದುವೆ ಪಾತ್ರೆಗೂ ನಾಮಕರಣದ ಪಾತ್ರೆಗೂ ಒಟ್ಟಿಗೇ ಹೆಸರು ಹಾಕಿಸಿಕೊಂಡು ಹೋಯಿತು.

ಎದುರು ಸಾಲಿನಲ್ಲಿ ಬ್ಯಾಗಿನ ಜಿಪ್ಪು ರಿಪೇರಿ ಅಂಗಡಿ ನನ್ನದು. ಅವರ ಕರ್ರ್‌ಗೂ ನನ್ನ ಜಿಪ್ಪಿನ ಸರ್ರ್‌ಗೂ ಜುಗಲಬಂದಿ. ನಮ್ಮದು ಈ ಕಡೆಯದೇ ಹಳೇ ಹಳ್ಳಿಯ ಒಕ್ಕಲು ಮನೆ. ಅವರು ದಾವಣಗೆರೆ ಕಡೆಯ ಜಂಗಮರು, ಹಣೆ ತುಂಬ ವಿಭೂತಿ. ಇಡೀ ಮಾರ್ಕೆಟ್ಟು ಅವರನ್ನು ಕರೆಯುತ್ತಿದ್ದದ್ದು 'ಅಯ್ನೋರು' ಎಂದೇ.

ಒಂದು ಸಲ ಒಬ್ಬ ಹೆಂಗಸು ಆರು ಚಮಚ ತಂದು, ಒಂದೊಂದರ ಮೇಲೂ ತವರಿನವರ ಹೆಸರೆಲ್ಲ ಬರಬೇಕು ಎಂದು ಪಟ್ಟಿ ಕೊಟ್ಟಳು.

"ತಾಯಿ, ಇದು ಚಮಚ. ಶಾಸನ ಅಲ್ಲ."

"ನಮ್ಮ ದೊಡ್ಡಣ್ಣನ ಹೆಸ್ರು ಬಿಟ್ರೆ ಬೇಜಾರ್ ಮಾಡ್ಕೋತಾನೆ ಅಯ್ನೋರೆ."

"ಬಿಡಲ್ಲ ಬಿಡಿ. ಅವ್ರನ್ನ ಹಿಡಿ ಮೇಲೆ ಕೂರಿಸ್ತೀನಿ. ಚಿಕ್ಕಪ್ಪನ್ನ ಹಿಂದುಗಡೆ ಮಲಗಿಸ್ತೀನಿ."

ನಿಜಕ್ಕೂ ಹನ್ನೊಂದು ಹೆಸರನ್ನು ಒಂದು ಚಮಚಕ್ಕೆ ಹಾಕಿಕೊಟ್ಟರು. ಆ ಮನೆಯಲ್ಲಿ ಸಕ್ಕರೆ ತಿನ್ನಲು ಈಗಲೂ ಭೂತಗನ್ನಡಿ ಬೇಕು. ತಮಾಷೆಗೆ ಹೇಳಿದೆ, ಆದರೆ ಅವರಿಗೆ ಅದು ತಮಾಷೆಯಾಗಿರಲಿಲ್ಲ. "ಹೆಸರಿಲ್ಲದ ಕಾಣಿಕೆ ಕಾಣಿಕೆ ಅಲ್ಲ ಕಣೋ ಕೃಷ್ಣಪ್ಪ, ಯಾರೋ ಮರೆತು ಬಿಟ್ಟು ಹೋದ ಸಾಮಾನು," ಎನ್ನುತ್ತಿದ್ದರು. ಕೊಟ್ಟವರು ನಾಳೆ ಇರುತ್ತಾರೋ ಇಲ್ಲವೋ. ಲೋಟ ಇರುತ್ತದೆ, ಲೋಟದ ಮೇಲೆ ಅವರು ಇರುತ್ತಾರೆ. ಇದು ಅವರ ವೇದಾಂತ, ಅದ್ವೈತಕ್ಕಿಂತ ಸಣ್ಣದು, ತೊಳೆದರೂ ಹೋಗದ್ದು.

ಅವರ ಮಗ ಚನ್ನವೀರೇಶ್ ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮಾಸ್ಟರು. ಸೊಸೆ ಬಸವರಾಜೇಶ್ವರಿ. ಮೊಮ್ಮಗಳು ಸೌಮ್ಯಶ್ರೀ, ಒಬ್ಬಳೇ. ಶಾಲೆ ಬಿಟ್ಟ ಮೇಲೆ ಅವಳು ತಾತನ ಸ್ಟೂಲಿನ ಪಕ್ಕ ಒಂದು ಬೋರಲು ಹಾಕಿದ ಬಿಂದಿಗೆಯ ಮೇಲೆ ಕೂರುತ್ತಿದ್ದಳು. ಅಕ್ಷರಗಳನ್ನು ಕೂಡಿಸಿ ಓದಲು ಕಲಿತದ್ದು ಪಾತ್ರೆಗಳ ಮೇಲೆ. ಬೆರಳಿಟ್ಟು, ತಲೆಯನ್ನು ಲೋಟದ ಸುತ್ತ ತಿರುಗಿಸುತ್ತ ಓದುವಳು. ಉಳಿದ ಮಕ್ಕಳು ಎಡದಿಂದ ಬಲಕ್ಕೆ ಓದಿದರೆ ಇವಳು ಪ್ರದಕ್ಷಿಣೆ ಹಾಕಿ ಓದುತ್ತಿದ್ದಳು.

"ಗೌ-ರ-ಮ್ಮ-ನ-ವ-ರ ಕಾ-ಣಿ-ಕೆ. ಆಮೇಲೆ ತಾತ?"

"ಆಮೇಲೆ ಏನೂ ಇಲ್ಲ ಪುಟ್ಟಿ. ಅಷ್ಟೇ."

"ಗೌರಮ್ಮ ಏನ್ ಮಾಡಿದ್ಲು?"

"ಲೋಟ ಕೊಟ್ಲು."

"ಥೂ. ಇದು ಕಥೇನೇ ಅಲ್ಲ."

ನಲವತ್ತೊಂದು ವರ್ಷದ ಸಾಹಿತ್ಯವನ್ನು ಒಂದನೇ ಕ್ಲಾಸಿನ ಹುಡುಗಿ ಒಂದೇ ಮಾತಿನಲ್ಲಿ ತಳ್ಳಿಹಾಕಿದಳು. ಅಯ್ಯನವರು ಸಂಜೆಯೇ ಪುಸ್ತಕದಂಗಡಿಗೆ ಹೋಗಿ, ಓದಲು ಶುರುಮಾಡಿದ ಮಕ್ಕಳಿಗೆಂದೇ ಇರುವ ತೆಳ್ಳನೆಯ ಕಥೆ ಪುಸ್ತಕಗಳನ್ನು ತಂದರು. ಪುಟಕ್ಕೊಂದು ಚಿತ್ರ, ಚಿತ್ರದ ಕೆಳಗೆ ಕಡಲೆಕಾಯಿ ಗಾತ್ರದ ಅಕ್ಷರದಲ್ಲಿ ಒಂದೇ ಒಂದು ಸಾಲು. ಇಂಥ ಪುಸ್ತಕ ಅವಳ ಕೈಗೆ ಸಿಕ್ಕರೆ ಬಿಸಿ ದೋಸೆಯಂತೆ, ಎರಡು ನಿಮಿಷಕ್ಕೆ ಖಾಲಿ. ಖಾಲಿಯಾದದ್ದನ್ನೇ ಮತ್ತೆ ಓದುವಳು, ನನಗೆ ಓದಿ ಹೇಳುವಳು, ಪಾತ್ರೆ ಕೊಳ್ಳಲು ಬಂದವರನ್ನು ನಿಲ್ಲಿಸಿ ಓದುವಳು. ಅಂಗಡಿಯ ಮಾಲೀಕ ಪಾಪ ಕುಕ್ಕರಿನ ಹಿಂದೆ ಅವಿತುಕೊಳ್ಳುತ್ತಿದ್ದ. ಕಡೆಗೊಂದು ದಿನ, ಇದ್ದ ಪುಸ್ತಕವೆಲ್ಲ ಬಾಯಿಪಾಠವಾದ ಮೇಲೆ, ತಾತನ ಹತ್ತಿರ ಎರಡು ಗೆರೆಯ ನೋಟ್‌ಬುಕ್ ಇಸಕೊಂಡು ತಾನೇ ಒಂದು ಬರೆಯಲು ಕೂತಳು. ನಾಲ್ಕು ವಾರ ಬರೆದಳು. ನೋಡಬಾರದೆಂದು ತಾತನಿಗೂ ನನಗೂ ಅಪ್ಪಣೆಯಾಗಿತ್ತು.

ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಭಾನುವಾರ ಬಂದ ಜ್ವರ. ಶುಕ್ರವಾರ ಅವಳು ಇರಲಿಲ್ಲ. ಆರೂವರೆ ವರ್ಷ.

ಅವರಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಕುಳಿ ಎಷ್ಟು ಸಣ್ಣದಿತ್ತೆಂದರೆ, ಅಷ್ಟು ಸಣ್ಣದನ್ನು ಅಗೆಯಲು ಕೈ ಬಾರದೆ ಅಗೆಯುವವನು ಎರಡು ಸಲ ಹಾರೆ ಕೆಳಗಿಟ್ಟ.

ನೋಟ್‌ಬುಕ್ ಸಿಕ್ಕಿದ್ದು ತಿಂಗಳ ಮೇಲೆ, ಶಾಲೆಯ ಬ್ಯಾಗಿನಲ್ಲಿ. ಬ್ಯಾಗಿನ ಜಿಪ್ಪು ಕಚ್ಚಿಕೊಂಡಿತ್ತು. ಅಯ್ಯನವರು ಅದನ್ನು ನನ್ನ ಅಂಗಡಿಗೇ ತಂದರು. ತೆಗೆದುಕೊಟ್ಟೆ. ಇಬ್ಬರೂ ಅಲ್ಲೇ ನಿಂತು ಓದಿದೆವು. ಕಥೆ ಇಷ್ಟು:

ಒಂದು ಮೇಕೆ ಇತ್ತು. ಅದಕ್ಕೆ ಕೆಂಗೇರಿ ನೋಡಬೇಕಿತ್ತು. ಮೇಕೆ ಮೆಟ್ರೋ ಹತ್ತಿತು. ಮೇಕೆಗೆ ಸೀಟು ಸಿಕ್ಕಿತು. ಮೇಕೆಗೆ ಹಸಿವಾಯಿತು. ಮೇಕೆ ಟೋಕನ್ ತಿಂದಿತು. ಕೆಂಗೇರಿ ಬಂತು. ಟೋಕನ್ ಇಲ್ಲ. ಗೇಟು ತೆರೆಯಲಿಲ್ಲ. ಎಲ್ಲರೂ ಬೈದರು. ಮೇಕೆ ಗೇಟಿಗೆ ಬಾಯಿ ಇಟ್ಟಿತು. ಜೋರಾಗಿ ಕೆಮ್ಮಿತು. ಟೋಕನ್ ಒಳಗೆ ಬಿತ್ತು. ಗೇಟು ತೆರೆಯಿತು. ಮೇಕೆ ಕೆಂಗೇರಿ ನೋಡಿತು.

ಸಾಲಿಗೊಂದು ಚಿತ್ರವೂ ಇತ್ತು. ಮೇಕೆ ಕೊಂಬು ಬಂದ ಸೋಫಾದಂತಿತ್ತು. ಮೆಟ್ರೋದಲ್ಲಿ ಸೀಟು ಸಿಕ್ಕಿತು ಎನ್ನುವುದೊಂದನ್ನು ಬಿಟ್ಟರೆ ನಂಬಲಾಗದ್ದು ಕಥೆಯಲ್ಲಿ ಯಾವುದೂ ಇರಲಿಲ್ಲ. ನನಗೆ ನಗು ಬಂತು. ಬರಬಾರದಿತ್ತು. ಪಕ್ಕಕ್ಕೆ ನೋಡಿದರೆ ಅಯ್ಯನವರೂ ನಗುತ್ತಿದ್ದರು. ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ಅಂಗಡಿಯ ಶಟರ್ ಅರ್ಧ ಎಳೆದೆ.

"ಇದನ್ನ ಪುಸ್ತಕ ಮಾಡಿಸ್ತೀನಿ ಕೃಷ್ಣಪ್ಪ. ವರ್ಷದ ಕಾರ್ಯಕ್ಕೆ ಪಾತ್ರೆ ಹಂಚಲ್ಲ. ಇದನ್ನ ಹಂಚ್ತೀನಿ. ಓದೋಕೆ ಕಲೀತಿರೋ ಮಕ್ಕಳ ಕೈಗೆ ಹೋಗ್ಬೇಕು ಇದು. ಅವ್ಳು ಓದ್ತಿದ್ಲಲ್ಲ, ಹಾಗೆ ಓದ್ಬೇಕು."

ಅದರ ಮೇಲೆ ಅವರಿಗೆ ಬೇರೆ ಆಸೆ ಇರಲಿಲ್ಲ. ಇದ್ದದ್ದು ಅದೊಂದೇ.

ಮಾಗಡಿ ರಸ್ತೆಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ಹೇಮಶ್ರೀ ಎಂಬ ಹುಡುಗಿ ಪುಸ್ತಕ ಕಟ್ಟಿಕೊಟ್ಟಳು. ಒಳ್ಳೆಯ ಹುಡುಗಿ. ಸೌಮ್ಯಳ ಚಿತ್ರಗಳನ್ನು ತಿದ್ದದೆ ಹಾಗೆಯೇ ಇಟ್ಟಳು. ಹದಿನಾರು ಪುಟ, ಪುಟಕ್ಕೊಂದು ಸಾಲು, ಮೇಲೆ ದಪ್ಪ ರಟ್ಟು, ನಡುವೆ ಎರಡು ಪಿನ್ನು. ಎಲ್ಲ ಸರಿಹೋಯಿತು. ಜಗಳ ಬಂದದ್ದು ಮೊದಲ ಪುಟಕ್ಕೆ.

ಮೊದಲ ಪುಟದಲ್ಲಿ ಮಗುವಿನ ಫೋಟೋ ಬರಬೇಕು, ಹಾರ ಹಾಕಿದ್ದು. ಕೆಳಗೆ ಕುಮಾರಿ ಸೌಮ್ಯಶ್ರೀ. ಅದರ ಕೆಳಗೆ ಜನನ, ಇಂಥ ತಾರೀಕು. ಲಿಂಗೈಕ್ಯ, ಇಂಥ ತಾರೀಕು. ಅದರ ಕೆಳಗೆ ಇವಳ ಸ್ಮರಣಾರ್ಥ ತಾತ, ತಂದೆ, ತಾಯಿ, ಸೋದರಮಾವಂದಿರು, ಅತ್ತೆಯಂದಿರ ಕಾಣಿಕೆ, ಹೆಸರು ಸಮೇತ. ಅಯ್ಯನವರ ಪಟ್ಟಿ ಅದು.

"ಸಾರ್, ಚಿಕ್ಕ ಮಕ್ಕಳ ಪುಸ್ತಕ," ಎಂದಳು ಹೇಮಶ್ರೀ. "ತೆಗೆದ ತಕ್ಷಣ ಇದಾ? ಕೊನೇಲಿ ಒಂದು ಮೂಲೇಲಿ ಹೆಸರು ಮಾತ್ರ ಹಾಕೋಣ. ಫೋಟೋ, ತಾರೀಕು ಎಲ್ಲಾ ಬೇಡ."

"ಅಮ್ಮಾ, ನೀನು ಎಷ್ಟು ವರ್ಷದಿಂದ ಹೆಸರು ಹಾಕ್ತಿದೀಯ?"

"ಆರು ವರ್ಷ ಸಾರ್."

"ನಾನು ನಲವತ್ತೊಂದು. ಹೆಸರು ಮೊದ್ಲು. ಆಮೇಲೆ ಪಾತ್ರೆ."

ಅವಳು ನನ್ನ ಕಡೆ ನೋಡಿದಳು. ನಾನು ಜಗತ್ತಿನ ಎಲ್ಲ ವಿಷಯಕ್ಕೂ ಬಾಯಿ ಹಾಕುವವನು. ಅವತ್ತು ಬಾಯಿಗೂ ಜಿಪ್ಪು ಕಚ್ಚಿಕೊಂಡಿತ್ತು. ಮುನ್ನೂರು ಪ್ರತಿ ಅಚ್ಚಾದವು.

ವರ್ಷದ ಕಾರ್ಯದ ದಿನ ಬಂದ ನೆಂಟರಿಗೆ ನಲವತ್ತು ಪುಸ್ತಕ ಹೋದವು. ಅವರಲ್ಲಿ ಓದಲು ಕಲಿಯುವ ವಯಸ್ಸಿನ ಮಗು ಒಂದೂ ಇರಲಿಲ್ಲ. ಪುಸ್ತಕ ನೇರ ದೇವರ ಜಗುಲಿಗೆ ಏರಿತು. ಬಸವೇಶ್ವರನಗರದಲ್ಲಿ ಸೌಮ್ಯಳ ಅತ್ತೆಯೊಬ್ಬರ ಮನೆಗೆ ಹೋದಾಗ ನಾನೇ ನೋಡಿದೆ: ರಟ್ಟಿನ ಮೇಲಿನ ಮೇಕೆಗೆ ಮೂರು ಬೆರಳು ವಿಭೂತಿ ಬಳಿದು, ಎರಡು ಊದಿನಕಡ್ಡಿ ಸಿಕ್ಕಿಸಿದ್ದರು. ಮೆಟ್ರೋ ಹತ್ತಿದ ಮೇಕೆ ಕೆಂಗೇರಿಗೆ ಬದಲು ಕೈಲಾಸಕ್ಕೆ ಹೋಗಿ ಕೂತಿತ್ತು. ಅತ್ತೆ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಪುಸ್ತಕ ಬಿಚ್ಚಿದ ಗುರುತಿರಲಿಲ್ಲ.

ಉಳಿದವನ್ನು ಕಾಮಾಕ್ಷಿಪಾಳ್ಯದ ಒಂದು ಪ್ರಾಥಮಿಕ ಶಾಲೆಗೆ ಕೊಟ್ಟೆವು. ಅಲ್ಲಿಯ ಗಿರಿಜಾದೇವಿ ಮಿಸ್ ಕೈಮುಗಿದು ತೆಗೆದುಕೊಂಡರು. ಒಂದನೆಯ, ಎರಡನೆಯ ಕ್ಲಾಸಿನ ಎ ಸೆಕ್ಷನ್ ಮಕ್ಕಳಿಗೆ ಮನೆಗೆ ಒಯ್ಯಲು ತಲೆಗೊಂದು ಕೊಟ್ಟು, ಮಿಕ್ಕಿದ್ದನ್ನು ಬೀರುವಿನಲ್ಲಿಟ್ಟರು. ಮೂರನೆಯ ದಿನ ಅವರಿಂದ ಫೋನು. ನಾವಿಬ್ಬರೂ ಆಟೋ ಹಿಡಿದು ಹೋದೆವು.

ಶಾಲೆಯ ಟೇಬಲ್ಲಿನ ಮೇಲೆ ಪುಸ್ತಕಗಳ ರಾಶಿ. ಕೊಟ್ಟವು ಹೆಚ್ಚುಕಡಿಮೆ ಎಲ್ಲ ವಾಪಸು ಬಂದಿದ್ದವು. ಕೆಲವನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿದ್ದರು, ಮುಟ್ಟಬಾರದ್ದನ್ನು ಸುತ್ತಿದಂತೆ.

ಮಿಸ್ ತಲೆ ತಗ್ಗಿಸಿಕೊಂಡೇ ಹೇಳಿದರು. "ಸಾರ್, ಹೊಸದಾಗಿ ಓದೋ ಮಕ್ಕಳು ಒಂದಕ್ಷರಾನೂ ಬಿಡಲ್ಲ. ಮೊದಲ ಪುಟದಿಂದಾನೇ ಬೆರಳಿಟ್ಟು ಶುರು ಮಾಡ್ತಾವೆ. ಮನೇಗೆ ಹೋಗಿ ಅಮ್ಮನ್ನ ಕೇಳಿದಾವೆ, ಲಿಂಗೈಕ್ಯ ಅಂದ್ರೇನು, ಈ ಪಾಪು ಯಾಕೆ ಹಾರ ಹಾಕ್ಕೊಂಡಿದೆ ಅಂತ. ಎಷ್ಟೋ ಮಕ್ಕಳು ಆ ಪುಟ ದಾಟೇ ಇಲ್ಲ."

ಆ ಹೊತ್ತಿಗೆ ಒಬ್ಬ ತಾಯಿ ಪುಸ್ತಕ ಹಿಂದಿರುಗಿಸಲು ಬಂದಳು. ಲತಾ ಅಂತ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸು, ಕೊರಳಲ್ಲಿ ಕಂಪನಿಯ ಐಡಿ ಕಾರ್ಡು ನೇತಾಡುತ್ತಿತ್ತು. ಅಯ್ಯನವರು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

"ಮಿಸ್, ಯಾರ್ ಮಿಸ್ ಇದನ್ನ ಕೊಟ್ಟಿದ್ದು? ಸತ್ತೋಗಿರೋ ಮಗೂದು ಫೋಟೋ ನಮ್ ಮಗು ಬ್ಯಾಗಲ್ಲಿ ಇಡ್ತಾರಾ? ಅವ್ಳು ರಾತ್ರಿಯೆಲ್ಲ ನಿದ್ದೇನೇ ಮಾಡಿಲ್ಲ. ಅಮ್ಮ, ನಾನೂ ಸಾಯ್ತೀನಾ, ನಂಗೂ ಪುಸ್ತಕ ಮಾಡಿಸ್ತೀಯಾ ಅಂತಾಳೆ!"

ಮಿಸ್ ಕಣ್ಣಲ್ಲೇ ಅಯ್ಯನವರನ್ನು ತೋರಿಸಿದರು. ಲತಾ ಅವರ ವಿಭೂತಿ ನೋಡಿದಳು, ಫೋಟೋ ನೋಡಿದಳು, ಗಲ್ಲದ ಹೋಲಿಕೆ ಕಂಡಿರಬೇಕು. ಅವಳ ದನಿ ಇಳಿಯಿತು.

"ತಾತಾ... ನೊಂದ್ಕೋಬೇಡಿ. ನಂದೂ ಇದೇ ವಯಸ್ಸಿನ್ ಮಗು. ಮೊಮ್ಮಗಳಾ?"

"ಹೂಂ ತಾಯಿ."

"ಚೆನ್ನಾಗಿದಾಳೆ." ಅವಳ ಕಣ್ಣು ತುಂಬಿತ್ತು. ಆದರೂ ಪುಸ್ತಕವನ್ನು ರಾಶಿಯ ಮೇಲೆ ಇಟ್ಟೇ ಹೋದಳು.

ಬೀರುವಿನಲ್ಲಿದ್ದವನ್ನೂ ಸೇರಿಸಿ ಕಟ್ಟಿಕೊಂಡು ವಾಪಸು ಬಂದೆವು. ಆಟೋದಲ್ಲಿ ಇಬ್ಬರ ತೊಡೆಯ ಮೇಲೂ ಪುಸ್ತಕ. ಆಟೋದವನು ಹಿಂತಿರುಗಿ ನೋಡಿ, "ಸ್ಕೂಲ್ ಬುಕ್ಕಾ ಸಾರ್? ನಮ್ ಮಗೀಗೊಂದ್ ಕೊಡಿ," ಎಂದ. ಅಯ್ಯನವರು ಒಂದನ್ನು ಎತ್ತಿದವರು, ಮತ್ತೆ ತೊಡೆಯ ಮೇಲೇ ಇಟ್ಟುಕೊಂಡರು.

ನನ್ನ ಅಂಗಡಿಯಲ್ಲಿ ಕೂತು ಅವರು ಬಹಳ ಹೊತ್ತು ಒಂದು ಪುಸ್ತಕವನ್ನೇ ನೋಡಿದರು. ಆಮೇಲೆ ಮೊದಲ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ಕಿತ್ತರು. ಹಾಳೆ ಕೈಗೆ ಬಂತು. ಅದರ ಜೊತೆಗೆ ಕೊನೆಯ ಹಾಳೆಯೂ ಸಡಿಲವಾಗಿ ಅವರ ಮಡಿಲಿಗೆ ಬಿತ್ತು. ನಡುವೆ ಪಿನ್ನು ಹೊಡೆದ ಪುಸ್ತಕ ಹಾಗೆಯೇ ಅಲ್ಲವೇ, ಮೊದಲ ಹಾಳೆಯ ಇನ್ನರ್ಧವೇ ಕೊನೆಯ ಹಾಳೆ. ಬಿದ್ದ ಹಾಳೆಯಲ್ಲಿ ಗೇಟು ತೆರೆದಿತ್ತು, ಮೇಕೆ ಕೆಂಗೇರಿ ನೋಡುತ್ತಿತ್ತು. ಕೈಯಲ್ಲಿ ಉಳಿದ ಪುಸ್ತಕದಲ್ಲಿ ಮೇಕೆ ಗೇಟಿನ ಒಳಗೇ ಸಿಕ್ಕಿಕೊಂಡಿತ್ತು.

"ಇವಳನ್ನ ತೆಗೆದ್ರೆ ಕಥೆ ಮುಗಿಯಲ್ಲ. ಬಿಟ್ರೆ ಶುರುವೇ ಆಗಲ್ಲ," ಎಂದರು.

ಹೇಮಶ್ರೀಯನ್ನು ಕೇಳಿದೆವು. ಕೀಳುವುದು ಬೇಡ, ಆ ಪುಟದ ಮೇಲೆ ಅಷ್ಟೇ ಅಳತೆಯ ಇನ್ನೊಂದು ಹಾಳೆ ಅಂಟಿಸಿಬಿಡಿ ಎಂದಳು. ಗಿರಿಜಾದೇವಿ ಮಿಸ್ಸಿಗೆ ಫೋನು ಮಾಡಿದರೆ ಅವರು ಒಂದು ಮಾತು ಸೇರಿಸಿದರು: ಆ ಹಾಳೆಯಲ್ಲಿ 'ಈ ಪುಸ್ತಕ ಓದಿದವರು' ಎಂದು ಬರೆದು ಕೆಳಗೆ ಖಾಲಿ ಗೆರೆ ಬಿಡಿ, ಮಕ್ಕಳಿಗೆ ತಮ್ಮ ಹೆಸರು ಬರೆಯುವುದೆಂದರೆ ಪ್ರಾಣ. ಹೇಮಶ್ರೀ ಹಾಳೆ ಅಚ್ಚು ಹಾಕಿ ಕೊಟ್ಟಳು. "ನಾನು ಅವತ್ತೇ ಹೇಳಿದ್ದೆ," ಎಂದು ಅವಳು ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ನನಗೆ ಮೊಮ್ಮಗನಿದ್ದಿದ್ದರೆ ಆ ಹುಡುಗಿಯನ್ನೇ ತಂದುಕೊಳ್ಳುತ್ತಿದ್ದೆ.

ಭಾನುವಾರ ಮಧ್ಯಾಹ್ನ ಅವರ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ, ಒಂದು ಪಾತ್ರೆಯಲ್ಲಿ ಮೈದಾ ಅಂಟು ಕಾಯಿಸಿಕೊಂಡು ಕೂತೆವು. ನನಗೆ ಅಂಟು ಸವರುವ ಕೆಲಸ, ಅವರಿಗೆ ಅಂಟಿಸುವ ಕೆಲಸ. ಅವರು ಮೊದಲನೆಯ ಪುಸ್ತಕ ಬಿಚ್ಚಿ, ಫೋಟೋದ ಮೇಲೆ ಹಾಳೆ ಹಿಡಿದರು. ಮೂಲೆ ಸರಿಮಾಡಿದರು. ಮತ್ತೆ ಎತ್ತಿದರು. ಮತ್ತೆ ಮೂಲೆ ಸರಿಮಾಡಿದರು. ಕಣ್ಣು ಮುಚ್ಚಿ ಹೆಸರು ಕೊರೆಯಬಲ್ಲ ಮನುಷ್ಯನಿಗೆ ಒಂದು ಹಾಳೆಯ ಮೂಲೆ ಕೂಡಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಬಸವರಾಜೇಶ್ವರಿ ಬಂದು ನಿಂತಿದ್ದಳು. ಪುಸ್ತಕ ಅಚ್ಚಾಗಿ ಬಂದ ದಿನದಿಂದ ಅವಳು ಅದನ್ನು ಮುಟ್ಟಿರಲಿಲ್ಲ.

"ಏನ್ ಮಾಡ್ತಿದೀರಾ ಮಾವ?"

ಅವರು ಹೇಳಿದರು. ಶಾಲೆಯಲ್ಲಿ ನಡೆದದ್ದನ್ನೂ, ಪುಸ್ತಕ ವಾಪಸು ಬಂದದ್ದನ್ನೂ, ಹಾಳೆ ಕಿತ್ತು ನೋಡಿದ್ದನ್ನೂ ಒಂದೂ ಮುಚ್ಚಿಡದೆ ಹೇಳಿದರು.

"ಒಂದ್ಸಲ ಮುಖದ ಮೇಲೆ ಮಣ್ಣು ಹಾಕಿದ್ದು ಸಾಲ್ದಾ ಮಾವ?" ಎಂದಳು. "ಈಗ ಇನ್ನೂರೈವತ್ತು ಸಲ ಮುಚ್ಚಬೇಕಾ?"

ನನ್ನ ಕೈಯಲ್ಲಿದ್ದ ಬ್ರಷ್ಷಿನಿಂದ ಅಂಟು ಚಾಪೆಯ ಮೇಲೆ ತೊಟ್ಟಿಕ್ಕಿತು. ಚನ್ನವೀರೇಶ್ ರೂಮಿನಿಂದ ಬಂದವನು ಹೆಂಡತಿಯ ಮುಖ ನೋಡಿ, ಅಪ್ಪನ ಮುಖ ನೋಡಿ, ಬಾಲ್ಕನಿಗೆ ಹೋಗಿ ರಸ್ತೆಯ ಕಡೆ ತಿರುಗಿ ನಿಂತ.

"ಬೇಡ ಅಂದ್ರೆ ಬೇಡ ತಾಯಿ," ಎಂದರು ಅಯ್ಯನವರು. "ಕಟ್ಟಿ ಅಟ್ಟದ ಮೇಲಿಡ್ತೀನಿ. ಮುನ್ನೂರು ಮನೇಲಿ ಅವ್ಳ ಹೆಸರಿರ್ಲಿ ಅಂತ ಆಸೆ ಪಟ್ಟೆ. ನನ್ನ ಕಸುಬು ನೋಡು, ನಂಗೆ ಬೇರೆ ಏನೂ ತಿಳಿಯಲ್ಲ. ಅವಳ ಮುಖ ಬೇಕಾಗಿರೋದು ನಮಗೆ. ಆ ಮಕ್ಕಳಿಗೆ ಬೇಕಾಗಿರೋದು ಮೇಕೆ. ಅದು ನಂಗೆ ಗೊತ್ತಾಗ್ಲಿಲ್ಲ."

ಒಲೆಯ ಮೇಲೆ ಕುಕ್ಕರು ಮೂರು ಸಲ ಕೂಗಿತು, ಅವಳು ಆರಿಸಲು ಹೋಗಲಿಲ್ಲ. ಚನ್ನವೀರೇಶನೇ ಒಳಗೆ ಹೋಗಿ ಆರಿಸಿದ. ಆಮೇಲೆ ಅವಳು ಬಂದು ಪುಸ್ತಕದ ರಾಶಿಯ ಪಕ್ಕ ಕೂತಳು. ಒಂದನ್ನು ತೆಗೆದುಕೊಂಡು ಮೊದಲ ಪುಟ ಬಿಚ್ಚಿ ನೋಡಿದಳು. ನೋಡಿ, ಬಿಚ್ಚಿದ ಹಾಗೆಯೇ ಮಾವನ ಕೈಗೆ ಕೊಟ್ಟಳು. ಅವರು ಅಂಟಿಸಿದರು. ಇನ್ನೊಂದು ತೆಗೆದುಕೊಂಡಳು. ನೋಡಿದಳು. ಕೊಟ್ಟಳು.

ಸಾಯಂಕಾಲ ಬೀದಿದೀಪ ಬರುವವರೆಗೂ ಹಾಗೆಯೇ ನಡೆಯಿತು. ಎಲ್ಲದರಲ್ಲೂ ಇದ್ದದ್ದು ಒಂದೇ ಫೋಟೋ. ಆದರೂ ಅವಳು ಒಂದನ್ನೂ ನೋಡದೆ ಕೊಡಲಿಲ್ಲ. ನಾನು ಅಂಟು ಸವರುತ್ತ, ಒಂದಾದರೂ ತಮಾಷೆಯ ಮಾತು ಸಿಕ್ಕೀತೇ ಎಂದು ಎಪ್ಪತ್ತು ವರ್ಷದ ಗಂಟನ್ನೆಲ್ಲ ಬಿಚ್ಚಿ ಹುಡುಕಿದೆ. ಸಿಗಲಿಲ್ಲ. ಕೊನೆಯ ನಾಲ್ಕೈದು ಪುಸ್ತಕ ಉಳಿದಾಗ ಅವಳ ಕೈ ನಿಧಾನವಾಯಿತು. ಕಟ್ಟಕಡೆಯದನ್ನು ಮಾವನ ಕೈಗೆ ಕೊಡಲಿಲ್ಲ. ಎದ್ದು, ಸೆರಗಿನಲ್ಲಿ ಮುಚ್ಚಿಕೊಂಡು, ರೂಮಿಗೆ ಹೋದಳು.

ಹಾಳೆ ಒಣಗಲು ಎರಡು ದಿನ ಬಿಟ್ಟು, ಮತ್ತೆ ಅದೇ ಶಾಲೆಗೆ ಒಯ್ದೆವು. ಈ ಸಲ ಗಿರಿಜಾದೇವಿ ಮಿಸ್ ಹಿಂದೆ ಪುಸ್ತಕ ಸಿಗದಿದ್ದ ಬಿ ಸೆಕ್ಷನ್ನಿನವರಿಗೆ, ಮನೆಗೆ ಕಳಿಸುವ ಮೊದಲು ತರಗತಿಯಲ್ಲೇ ಹಂಚಿದರು. ಅಯ್ಯನವರನ್ನು ಒಳಗೆ ಕರೆದು ಕುರ್ಚಿ ಹಾಕಿದರು. ನಾನು ಬಾಗಿಲಿಗೆ ಒರಗಿ ನಿಂತೆ. ಮಕ್ಕಳು ಮೊದಲು ಮಾಡಿದ ಕೆಲಸ ಪೆನ್ಸಿಲ್ ತೆಗೆದು ಗೆರೆಯ ಮೇಲೆ ಹೆಸರು ಬರೆದದ್ದು. ನಾಲಗೆ ಹೊರಗೆ ಚಾಚಿ, ಪೆನ್ಸಿಲ್ ಒತ್ತಿ ಒತ್ತಿ ಬರೆದರು. ಅಯ್ಯನವರು ಮೊಣಕಾಲಿನ ಮೇಲಿದ್ದ ತಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡರು.

ಆಮೇಲೆ ಪುಟ ಮಗುಚಿದರು. ಇಪ್ಪತ್ತೆಂಟು ಬೆರಳು ಇಪ್ಪತ್ತೆಂಟು ಸಾಲಿನ ಕೆಳಗೆ ತೆವಳತೊಡಗಿದವು. ಯಾರೂ ಒಟ್ಟಿಗೆ ಓದಲಿಲ್ಲ. ಒಬ್ಬಳ ಮೇಕೆ ಆಗಲೇ ಮೆಟ್ರೋ ಹತ್ತಿದ್ದರೆ ಇನ್ನೊಬ್ಬನದು ಇನ್ನೂ 'ಒಂ-ದು ಮೇ-ಕೆ' ಎನ್ನುತ್ತ ಪ್ಲಾಟ್‌ಫಾರ್ಮಿನಲ್ಲಿತ್ತು. ಹಿಂದಿನ ಬೆಂಚಿನ ಒಬ್ಬ, ಅನಿಕೇತ್ ಅಂತ, ಟೋಕನ್ ತಿಂದದ್ದನ್ನು ಓದಿ, "ಅಯ್ಯೋ ಲೂಸು ಮೇಕೆ!" ಎಂದು ಕೂಗಿದ. ಮಿಸ್ ಗದರಿದರು. ಕೆಮ್ಮಿನ ಪುಟ ಬರುವ ಹೊತ್ತಿಗೆ ಇಡೀ ತರಗತಿ ಬೆಂಚಿನ ಅಂಚಿಗೆ ಬಾಯಿ ಇಟ್ಟು ಕೆಮ್ಮುತ್ತಿತ್ತು. ಆ ಕೆಮ್ಮು ಮಾಗಡಿ ರಸ್ತೆಯ ಬಸ್ಸುಗಳ ಹಾರನ್ನನ್ನೂ ಮುಳುಗಿಸಿತೆಂದು ಹೇಳಿದರೆ ನೀವು ನಂಬಬೇಕಾಗಿಲ್ಲ. ಆದರೆ ಪಕ್ಕದ ತರಗತಿಯ ಮೇಷ್ಟ್ರು ಏನಾಯಿತೆಂದು ಓಡಿಬಂದದ್ದು ನಿಜ.

ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಂದು ಹುಡುಗಿ ಮಾತ್ರ ಕೆಮ್ಮದೆ, ಓದಿ ಮುಗಿಸಿ, ಮತ್ತೆ ಮೊದಲಿನಿಂದ ಓದಿ, ತಲೆಯೆತ್ತಿದಳು.

"ತಾತಾ, ಇದನ್ನ ಬರೆದಿದ್ದು ನೀವಾ?"

"ಇಲ್ಲ ಮಗು."

"ಮತ್ತೆ ಯಾರು?"

ಮಿಸ್ ನನ್ನ ಕಡೆ ನೋಡಿದರು. ಅವರ ನಾಲಗೆಯ ತುದಿಯಲ್ಲಿ ಆ ಹೆಸರು ಇತ್ತು, ನನಗೆ ಕಾಣಿಸುತ್ತಿತ್ತು. ಒಂದು ಹೆಸರು ಹೇಳಿದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಆದರೆ ಹೆಸರು ಹೇಳಿದರೆ ಅವಳೆಲ್ಲಿ ಎಂಬ ಪ್ರಶ್ನೆ ಬರುತ್ತದೆ.

"ನಿನ್ನ ಥರಾನೇ ಒಬ್ಳು ಹುಡುಗಿ," ಎಂದರು ಅಯ್ಯನವರು.

"ಎಷ್ಟನೇ ಕ್ಲಾಸು?"

"ಬರೆದಾಗ ಒಂದನೇ ಕ್ಲಾಸು."

"ಈಗ?"

ಅವರು ಕಿಟಕಿಯ ಕಡೆ ನೋಡಿದರು. ಬೆರಳು ಮಡಿಸಿ ಲೆಕ್ಕ ಹಾಕಿದಂತೆ ಮಾಡಿದರು. ಲೆಕ್ಕ ಅವರಿಗೆ ಗೊತ್ತಿತ್ತು, ಜೂನ್ ತಿಂಗಳಿಂದ ದಿನಾ ಬೆಳಿಗ್ಗೆ ಹಾಕುತ್ತಿದ್ದ ಲೆಕ್ಕ.

"ಈಗ ಎರಡನೇ ಕ್ಲಾಸು ಮಗು."

"ನಾನೂ ಎರಡನೇ ಕ್ಲಾಸೇ! ಹಾಗಾದ್ರೆ ಇನ್ನೊಂದು ಬರೀಬೇಕಂತೆ ಅಂತ ಹೇಳಿ ಅವ್ಳಿಗೆ. ಇದು ಬೇಗ ಖಾಲಿ ಆಗೋಗತ್ತೆ."

"ಹೇಳ್ತೀನಿ," ಎಂದರು ಅವರು.

ಹೊರಗೆ ಬಂದ ಮೇಲೆ ಆಟೋ ಬೇಡ ಎಂದರು. ಕಾಮಾಕ್ಷಿಪಾಳ್ಯದಿಂದ ವಿಜಯನಗರಕ್ಕೆ ನಡೆದೇ ಬಂದೆವು, ಇಬ್ಬರ ಮೊಣಕಾಲು ಸೇರಿಸಿದರೂ ಒಂದು ಒಳ್ಳೆಯ ಮೊಣಕಾಲಾಗದ ವಯಸ್ಸಿನಲ್ಲಿ.

ಮನೆಯಲ್ಲಿ ಬಸವರಾಜೇಶ್ವರಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಓದಿದ್ರಾ ಮಾವ?"

"ಓದಿದ್ರು."

"ನಕ್ರಾ?"

"ನಕ್ರು. ಕೆಮ್ಮಿದ್ರು ಕೂಡ."

ಅವಳ ತುಟಿಯ ಒಂದು ಕೊನೆ ಏಳುತ್ತಾ ಬಂತು. ಅಯ್ಯನವರು ಚಪ್ಪಲಿ ಬಿಡುತ್ತಾ ಗೋಡೆ ಹಿಡಿದುಕೊಂಡರು. ಉಳಿದದ್ದನ್ನು ಹೇಳದೆ ಇದ್ದುಬಿಡುತ್ತಾರೆ ಎಂದುಕೊಂಡೆ. ಆದರೆ ಹೇಳುತ್ತೇನೆಂದು ಆ ಮಗುವಿಗೆ ಮಾತು ಕೊಟ್ಟಿದ್ದರು. ಆ ಮಾತು ತಲುಪಿಸಲು ಆ ಮನೆಯಲ್ಲಿ ಇದ್ದದ್ದು ಇವಳೊಬ್ಬಳೇ.

"ಇನ್ನೊಂದು ಬರೀಬೇಕಂತೆ," ಎಂದರು.

ಅವಳು "ನೀರು ತರ್ತೀನಿ, ಕೂತ್ಕೊಳ್ಳಿ," ಎಂದು ಒಳಗೆ ಹೋದಳು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಅದನ್ನು ನಿಲ್ಲಿಸಿದ ಸದ್ದಿಗಾಗಿ ನಾವಿಬ್ಬರೂ ಬಹಳ ಹೊತ್ತು ಕಾದೆವು.